‘ಚೆನ್ನಾಗಿದ್ದೀನಿ’ ಅಂದ ತಪ್ಪಿಗೆ

ನೆಡ್ರಾ ಸ್ಟ್ಯಾಂಪರ್ ಬಗ್ಗಿ ಏನನ್ನೂ ಎತ್ತುವುದಿಲ್ಲ. ಚಮಚ ನೆಲಕ್ಕೆ ಬಿದ್ದರೆ ಗೋಡೆಗೆ ಒರಗಿ, ಸರಿಯಿರುವ ಕಾಲಿನ ಬೆರಳುಗಳಲ್ಲಿ ಅದನ್ನು ಹಿಡಿದು ಮೇಲಕ್ಕೆ ತಂದುಕೊಳ್ಳುತ್ತಾಳೆ. ಗಂಡ ಡೆಲ್ಮರ್ ಎತ್ತಿಕೊಡಲು ಬಂದರೆ ಕಣ್ಣು ಕೆಕ್ಕರಿಸುತ್ತಾಳೆ. ಸೈನ್ಯದಲ್ಲಿ ಇವಳಿಗೆ ಏನೂ ಆಗಿಲ್ಲ ಎಂದು ಸರ್ಕಾರ ತೀರ್ಮಾನಿಸಿತ್ತು. ನೋಡಿದವರು ನಗಬೇಕೋ ಅಳಬೇಕೋ!

ಅಮೆರಿಕದ ಕೆಂಟಕಿಯ ನಮ್ಮ ಕಣಿವೆಯಲ್ಲಿ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಸೈನ್ಯಕ್ಕೆ ಸೇರಿದವರಿಗೆ ಲೆಕ್ಕವಿಲ್ಲ. ನೆಡ್ರಾ ಸೇರಿದ್ದು ಮಾತ್ರ ಹಟಕ್ಕೆ. “ನೀನು ಲಾರಿ ಓಡಿಸ್ತೀಯಾ?” ಎಂದು ಅವಳ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಇರಾಕಿನಲ್ಲಿ ಅವಳು ಇಂಧನದ ಟ್ಯಾಂಕರ್ ಓಡಿಸಿದಳು, ಅದೂ ಸೈನ್ಯದ ಗಾಡಿಗಳ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿನದನ್ನು. ಒಂದು ಮಧ್ಯಾಹ್ನ ಬಾಂಬು ಬಿದ್ದು ಆದ ಗುಂಡಿಗೆ ಚಕ್ರ ಇಳಿಯಿತು. ನೆಡ್ರಾ ಎಗರಿ ಚಾವಣಿಗೆ ಬಡಿದು ಸೀಟಿಗೆ ಕುಕ್ಕರಿಸಿದಳು. ಬೆನ್ನಿನಲ್ಲಿ ಏನೋ ಲಟಕ್ಕೆಂದಿತು, ಎಡ ಮಂಡಿ ಕಬ್ಬಿಣಕ್ಕೆ ಅಪ್ಪಳಿಸಿತು. ಹಿಂದಿನ ಗಾಡಿಯವರು ರೇಡಿಯೋದಲ್ಲಿ ಹೇಗಿದ್ದೀಯ ಎಂದು ಕೇಳಿದರು. ಚೆನ್ನಾಗಿದ್ದೀನಿ ಎಂದಳು, ಗಾಡಿ ಓಡಿಸಿದಳು. ಡಾಕ್ಟರ ಹತ್ತಿರ ಹೋದವರನ್ನು ಅವಳ ತುಕಡಿಯಲ್ಲಿ ಮೈಗಳ್ಳರು ಎಂದು ಆಡಿಕೊಳ್ಳುತ್ತಿದ್ದರು. ಹೋದವಳು ಹೆಂಗಸಾದರಂತೂ ಮುಗಿದೇ ಹೋಯಿತು.

ಊರಿಗೆ ಮರಳಿ ದನದ ಮೇವಿನ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದಳು. ಬೆನ್ನು ಹಾಸಿಗೆ ಹಿಡಿಸುವಷ್ಟು ಕೆಟ್ಟಾಗ, ಡೆಲ್ಮರನ ಕಾಟಕ್ಕೆ, ಬೆನ್ನು, ಮಂಡಿ ಎರಡನ್ನೂ ಕಾಣಿಸಿ ಅಂಗವೈಕಲ್ಯದ ಪಿಂಚಣಿಗೆ ಅರ್ಜಿ ಹಾಕಿದಳು. ಪರೀಕ್ಷೆಗೆ ಕರೆದ ಡಾಕ್ಟರು ಬಾಗಿಲಲ್ಲೇ “ಹೇಗಿದ್ದೀರಿ?” ಎಂದರು. ನೆಡ್ರಾ ಸೆಟೆದು ನಿಂತು “ಚೆನ್ನಾಗಿದ್ದೀನಿ, ಸರ್” ಎಂದಳು. ಬಗ್ಗಿ ಎಂದರೆ ಹಲ್ಲು ಕಚ್ಚಿ ಬಗ್ಗಿದಳು, ಒಮ್ಮೆಯೂ ಅಮ್ಮಾ ಎನ್ನಲಿಲ್ಲ. ಪುಣ್ಯಾತ್ಮ ಅದನ್ನೆಲ್ಲ ಹಾಗೇ ಬರೆದುಕೊಂಡ. ಅರ್ಜಿ ಬಿದ್ದುಹೋಯಿತು. ತಾನು ಚೆನ್ನಾಗಿದ್ದೇನೆಂದು ಆಕೆಯೇ ಹೇಳಿದ್ದಾಳೆ, ಬೆನ್ನುನೋವು ಇದ್ದರೆ ಅದು ಅಂಗಡಿಯಲ್ಲಿ ಮೂಟೆ ಹೊತ್ತದ್ದರಿಂದ ಬಂದದ್ದು ಎಂದು ತೀರ್ಪಾಯಿತು. ಪಿಂಚಣಿ ಹೋದದ್ದಕ್ಕೆ ಅವಳು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ತನ್ನನ್ನು ಸುಳ್ಳಿ ಎಂದರಲ್ಲ, ಅದನ್ನು ಮಾತ್ರ ಅವಳು ಸಹಿಸಲಿಲ್ಲ. ಮೂಟೆಯ ಆ ಮಾತನ್ನು ಅಳಿಸುವವರೆಗೆ ಬಿಡುವುದಿಲ್ಲ ಎಂದು ಹೊರಟಳು.

ಮಾಜಿ ಸೈನಿಕರ ಪರವಾಗಿ ಮೇಲ್ಮನವಿಗಳನ್ನು ನೋಡಿಕೊಳ್ಳುವವನು ಹೋಬರ್ಟ್ ಫ್ಯೂಗೇಟ್. ವಿಯೆಟ್ನಾಮ್ ಯುದ್ಧದಲ್ಲಿ ಒಂದು ಕಿವಿ ಕಿವುಡು ಮಾಡಿಕೊಂಡು ಬಂದ ಮುದುಕ, ಊರಿಗೆಲ್ಲ ಮಾಮ.

“ಅಲ್ಲ ಕಣೇ, ಡಾಕ್ಟರ ಹತ್ರ ಹೋಗಿ ಯಾರಾದ್ರೂ ಚೆನ್ನಾಗಿದ್ದೀನಿ ಅಂತಾರಾ? ಚೆನ್ನಾಗಿದ್ದೋಳು ಅಲ್ಲಿಗ್ಯಾಕೆ ಹೋದೆ, ಕಾಫಿ ಕುಡಿಯೋಕಾ?”

“ನಿಮ್ಮನ್ನ ಕೇಳಿದಾಗ ನೀವೇನಂದ್ರಿ ಮಾಮ?”

ಹೋಬರ್ಟ್ ತಲೆ ಕೆರೆದುಕೊಂಡ. “ಅದನ್ನೇ ಅಂದೆ. ನನ್ನ ಕಿವಿ ಕೇಸು ಎರಡು ಸಲ ಬಿದ್ದೋಯ್ತು. ಅದಕ್ಕೇ ಹೇಳ್ತಿರೋದು ಕೇಳು. ವಿಚಾರಣೆ ದಿನ ಕೋಲು ಹಿಡ್ಕೊಂಡು ಬಾ. ಕೂರೋವಾಗ ಒಂದು ಸಲ, ಏಳೋವಾಗ ಒಂದು ಸಲ ನರಳು.”

“ಕೋಲು ಬೆಳಗಿನ ಹೊತ್ತು ಬೇಕು, ಆಗ ಹಿಡೀತೀನಿ. ವಿಚಾರಣೆ ಮಧ್ಯಾಹ್ನ. ನಾಟಕ ನನ್ ಕೈಲಾಗಲ್ಲ.”

“ಹಂಗಾದ್ರೆ ಸೋಲ್ತೀಯ.”

“ಸೋತ್ರೆ ನೆಟ್ಟಗೆ ನಿಂತೇ ಸೋಲ್ತೀನಿ ಬಿಡಿ.”

ವಿಚಾರಣೆ ನಡೆದದ್ದು ಹೋಬರ್ಟನ ಕಚೇರಿಯಲ್ಲಿ, ಟೀವಿ ಪರದೆಯ ಮೇಲೆ. ನೆಡ್ರಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೂಟಿಗೆ ಪಾಲಿಶ್ ಹಚ್ಚಿ, ಕೋಲಿಲ್ಲದೆ ಬಂದು ಕೂತಳು. ಆಚೆಯಿಂದ ಮೇಲ್ಮನವಿ ಮಂಡಳಿಯ ಜಡ್ಜಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದರು. “ಹೇಗಿದ್ದೀರಿ, ಸಾರ್ಜೆಂಟ್ ಸ್ಟ್ಯಾಂಪರ್?”

ಹೋಬರ್ಟ್ ನೆಡ್ರಾಳತ್ತ ತಿರುಗಿದ.

“ಅದೊಂದನ್ನ ಮಾತ್ರ ಕೇಳ್ಬೇಡಿ ಮೇಡಂ. ಅದಕ್ಕೆ ಉತ್ತರ ಕೊಟ್ಟೇ ಇಲ್ಲಿ ಬಂದು ಕೂತಿದ್ದೀನಿ.”

“ಆದ್ರೆ ಡಾಕ್ಟರಿಗೆ ಚೆನ್ನಾಗಿದ್ದೀನಿ ಅಂದೋರು ನೀವೇ ಅಲ್ವಾ? ಈಗ ನೋವು ಅಂತೀರಿ. ನಾನು ಯಾವುದನ್ನ ನಂಬಲಿ?”

ನೆಡ್ರಾಳಿಗೆ ರೇಗಿತು. “ಮುಂದಿನ ಗಾಡಿ ನಂದು ಮೇಡಂ. ನಾನು ನೋವು ಅಂದ್ರೆ ಸಾಲು ನಿಲ್ಲುತ್ತೆ. ಅಲ್ಲಿ ಸಾಲು ನಿಂತ್ರೆ ಹೆಣ ಬೀಳುತ್ತೆ. ಸಾಯೋ ಹಾಗಿದ್ರೂ ಚೆನ್ನಾಗಿದ್ದೀನಿ ಅನ್ನು ಅಂತ ನನಗೆ ಕಲಿಸಿದ್ದು ಇದೇ ಸರ್ಕಾರ. ಬೈದು, ಕೆಸರಲ್ಲಿ ಹೊರಳಾಡಿಸಿ ಕಲಿಸ್ತು. ಕಲಿತ ಪಾಠ ಒಪ್ಪಿಸಿದ್ದಕ್ಕೆ ಈಗ ಸುಳ್ಳಿ ಅನ್ನುತ್ತಾ?”

ಜಡ್ಜಮ್ಮ ಏನೋ ಗುರುತು ಹಾಕಿಕೊಂಡರು. “ಈಗ, ಈ ಕ್ಷಣ ನೋಯ್ತಿದೆಯಾ?”

“ಕೂತಾಗಿಂದ ಬೆನ್ನು, ಮಂಡಿ ಎರಡೂ ಪ್ರಾಣ ತೆಗೀತಿವೆ. ನರಳಿ ತೋರಿಸು ಅಂದ್ರೆ ಮಾತ್ರ ಆಗಲ್ಲ.”

ಹೊರಗೆ ಬಂದ ಮೇಲೆ ಹೋಬರ್ಟ್ ದಾರಿಯುದ್ದಕ್ಕೂ ಗೊಣಗಿದ. ಸರ್ಕಾರಕ್ಕೇ ಬೈದವಳಿಗೆ ಸರ್ಕಾರ ಏನು ಕೊಟ್ಟೀತು ಎಂಬುದು ಅವನ ಚಿಂತೆ.

ತೀರ್ಪು ಬಂದದ್ದು ಮುಂದಿನ ಬೇಸಿಗೆಯಲ್ಲಿ. ಡೆಲ್ಮರ್ ಹುರುಳಿಕಾಯಿ ಬೇಯಿಸಿ, ಮೆಕ್ಕೆಜೋಳದ ರೊಟ್ಟಿ ಸುಟ್ಟು ಹೋಬರ್ಟನನ್ನು ಊಟಕ್ಕೆ ಕರೆದಿದ್ದ. ಹೋಬರ್ಟ್ ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದ. ‘ಚೆನ್ನಾಗಿದ್ದೀನಿ’ ಎಂಬುದು ಸೈನಿಕರ ವಾಡಿಕೆಯ ಮಾತು, ಅದು ದೇಹಸ್ಥಿತಿಯ ವಿವರವಲ್ಲ. ಬೆನ್ನು ಕೆಟ್ಟದ್ದು ಸೇವೆಯಲ್ಲೇ. ಮೂಟೆಯ ಮಾತನ್ನು ತೆಗೆದುಹಾಕಿದೆ.

ಡೆಲ್ಮರ್ ಟೋಪಿ ಮೇಲಕ್ಕೆ ಎಸೆದು ಕೂಗು ಹಾಕಿದ. ನೆಡ್ರಾ ನಗಲಿಲ್ಲ. “ಮಂಡಿ?” ಎಂದಳು.

ಹೋಬರ್ಟ್ ಹಾಳೆ ತಿರುಗಿಸಿ ದನಿ ತಗ್ಗಿಸಿದ. “ಮಂಡಿ ನೋವು ವಯಸ್ಸಿಂದ ಬಂದಿದ್ದು, ಸೇವೆಯಲ್ಲಿ ಏಟಾಯ್ತು ಅನ್ನೋದಕ್ಕೆ ಅರ್ಜಿದಾರಳ ಮಾತು ಬಿಟ್ಟು ಬೇರೆ ಆಧಾರ ಇಲ್ಲ ಅಂತಾರೆ. ಹೋಗ್ಲಿ ಬಿಡೇ. ಬೆನ್ನು ಗೆದ್ದೆಯಲ್ಲ, ಅದೇ ದೊಡ್ಡದು. ಇದರ ಮೇಲೆ ಹೋಗ್ಬೇಕಂದ್ರೆ ಕೋರ್ಟೇ. ವರ್ಷಗಟ್ಟಲೆ ಎಳೀತಾರೆ.”

“ಮಾಮ ಹೇಳೋದು ಸರಿ ಕಣೆ,” ಎಂದ ಡೆಲ್ಮರ್. “ಇನ್ನಾದ್ರೂ ನೆಮ್ಮದಿಯಾಗಿ ಕೂತ್ಕೋ.”

“ಬೆನ್ನಿಗೆ ಯಾವ ಆಧಾರ ಇತ್ತು? ಅದೂ ನನ್ನ ಮಾತೇ ತಾನೆ?” ನೆಡ್ರಾ ಕಂಬ ಹಿಡಿದು ಎದ್ದು ನಿಂತಳು. “ಒಂದೇ ಗುಂಡಿ, ಒಂದೇ ಏಟು. ಬೆನ್ನಿಗೆ ನಿಜ ಹೇಳಿದೋಳು ಮಂಡಿಗೆ ಸುಳ್ಳು ಹೇಳಿದೆ ಅಂತ ತಾನೆ ಇದರರ್ಥ?”

“ಹಾಗೆಲ್ಲ ಬರೆದಿಲ್ಲ ಕಣೇ...”

“ಹಾಗೇನೇ ಮಾಮ. ರಸ್ತೆ ಸರಿಯಾಗಿದೆ, ಬನ್ನಿ ಅಂತ ನಾನು ರೇಡಿಯೋದಲ್ಲಿ ಅಂದಾಗ ಹಿಂದಿದ್ದ ಗಾಡಿಗಳೆಲ್ಲ ಬಂದ್ವು. ಒಂದೊಂದರಲ್ಲೂ ಜೀವ ಇತ್ತು. ನನ್ನ ಮಾತನ್ನ ಅರ್ಧ ನಂಬಿ ಅಲ್ಲಿ ಯಾರೂ ಗಾಡಿ ಓಡಿಸಲಿಲ್ಲ. ಕೋರ್ಟಿಗೆ ಹಾಕಿ.”