ಹೆಬ್ಬೆರಳಿಗೆ ಕಟ್ಟಿದ ಸೊಪ್ಪು

ಅರೆತಲೆನೋವಿಗೆ ಸೊಪ್ಪು ಕಟ್ಟುವ ಅಜ್ಜಿಯೊಬ್ಬಳು ಬೇಗೂರಿನಲ್ಲಿದ್ದಳು. ಬಂದವರನ್ನೆಲ್ಲ ಕಳ್ಳರನ್ನು ನೋಡುವಂತೆ ನೋಡುತ್ತಿದ್ದಳು. ಸೊಪ್ಪನ್ನು ಸೆರಗಿನ ಮರೆಯಲ್ಲೇ ಹೊಸಕುವಳು. ಅದರ ಹೆಸರು ಕೇಳಿದರೆ, "ಯೋಳುದ್ರೆ ಫಲ ಓಗ್ಬುಡ್ತದೆ. ಆ ಫೋನು ಒಳಕ್ಕಿಡು" ಎನ್ನುವಳು. ಆಮೇಲೆ, "ಯಾವ ಪಕ್ಕ? ನಿಜ ಯೋಳು" ಎಂದು ಮೂರು ಸಲ ಕೇಳುವಳು.

ಎಡತಲೆ ನೋಯುವವರಿಗೆ ಬಲಗಾಲಿನ ಹೆಬ್ಬೆರಳು, ಬಲತಲೆಯವರಿಗೆ ಎಡಗಾಲಿನದು. ಅದೂ ಹೊತ್ತು ಹುಟ್ಟುವ ಮೊದಲೇ ಕಟ್ಟಿಸಿಕೊಳ್ಳಬೇಕು. ಇದೆಂಥ ವೈದ್ಯವೋ ಎಂಬ ಗುಮಾನಿ ನನಗೆ. ಗುಂಡ್ಲುಪೇಟೆಯಿಂದ ಮೊದಲ ಬಸ್ಸಿಗೇ ಹೋಗಿ ಆಕೆಯ ಜಗಲಿಯ ಮೇಲೆ ಕೂತವಳು, ಪರೀಕ್ಷೆ ಮಾಡಿಯೇ ಬಿಡೋಣವೆಂದು ಸುಳ್ಳು ಹೇಳಿದೆ. ನನಗೆ ನೋಯುತ್ತಿದ್ದುದು ಬಲಗಡೆ. "ಎಡಗಡೆ" ಎಂದೆ. ಮೂರು ಸಲವೂ ಅದನ್ನೇ ಅಂದೆ.

ಆಕೆ ನನ್ನ ಎಡಗಾಲನ್ನು ಎಳೆದುಕೊಂಡು, ಹೆಬ್ಬೆರಳಿಗೆ ಸೊಪ್ಪಿಟ್ಟು ದಾರ ಸುತ್ತತೊಡಗಿದಳು. ಸಿಕ್ಕಿಬಿದ್ದಳು ಅಂದುಕೊಂಡೆ. ತಾನೇ ಮಾಡಿದ ಕಟ್ಟಳೆ ಆಕೆಗೇ ನೆನಪಿಲ್ಲ!

"ಅಜ್ಜಿ, ಎಡಗಡೆ ನೋವಿಗೆ ಬಲಗಾಲಿಗಲ್ವಾ ಕಟ್ಟೋದು?"

ಆಕೆ ತಲೆ ಎತ್ತದೆ ಗಂಟು ಬಿಗಿದಳು.

"ಅದ್ಸರಿ ಕಣಮ್ಮಿ. ನೋವು ಎಡಗಡೆ ಅಂತೀಯೆ, ನೀರ್ಯಾಕೆ ಬಲಗಣ್ಣಲ್ಲಿ ಸುರೀತಾ ಅದೆ?"