ಅಂಗಳದಲ್ಲಿ ಎತ್ತಿದ ಕಾರು

ಭಾನುವಾರ ಬೆಳಿಗ್ಗೆ ನಾನು ಮಾಡಿದ ಕೆಲಸಗಳಿವು: ಅಂಗಳ ಗುಡಿಸಿದ್ದು, ನೀರು ಹೊಡೆದು ರಂಗೋಲಿ ಹಾಕಿದ್ದು, ಹಾಲು ಕಾಯಿಸಿದ್ದು, ಹೆಸರುಕಾಳು ನೆನೆಹಾಕಿದ್ದು (ಹಿಂದಿನ ದಿನವೇ ಹಾಕಬೇಕಿತ್ತು, ಮರೆತಿದ್ದೆ), ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದು, ದಿಂಬಿನ ಚೀಲ ಒಗೆದದ್ದು, ಚಹಾ ಮಾಡಿದ್ದು, ಗಂಡಸರು ಕೇಳಿದರೆಂದು ಮತ್ತೆ ಚಹಾ ಮಾಡಿದ್ದು. ಆಮೇಲೆ, ಕಾರಿನ ಅಡಿಯಲ್ಲಿ ಮಲಗಿದ್ದ ಮೈದುನನನ್ನು ಹೊರಗೆ ಕರೆದದ್ದು.

ಉಳಿದ ಕೆಲಸ ಯಾವುದು ಬಿಟ್ಟರೂ ನಡೆಯುತ್ತಿತ್ತು. ಆ ಕೊನೆಯದನ್ನು ಬಿಟ್ಟಿದ್ದರೆ?

ಮೈದುನ ಬಸವರಾಜನಿಗೆ ನಲವತ್ತು ದಾಟಿದೆ. ಕೊಟ್ಟೂರಿನಲ್ಲಿ ಅವನದೂ ನಮ್ಮನೆಯವರದೂ ಸೇರಿ ಪೈಪು, ಮೋಟಾರಿನ ಅಂಗಡಿ. ಲೆಕ್ಕ ಹಾಕಿ ಮಾತಾಡುವ ಮನುಷ್ಯ. ಅಂಥವನು ಮೊನ್ನೆ ಹುಬ್ಬಳ್ಳಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದ. ಕೆಂಪು ಬಣ್ಣ, ಎರಡೇ ಬಾಗಿಲು. ಒಳಗೆ ಕೂತರೆ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತ ಹಾಗೆ. ಅತ್ತೆ ಒಮ್ಮೆ ಕೂತು, ಏಳಲಾಗದೆ, ಇಬ್ಬರು ಹಿಡಿದೆತ್ತಿದ ಮೇಲೆ ಹೇಳಿದ್ದು: "ಇದು ಕಾರಲ್ಲಪ್ಪ, ತೊಟ್ಲು."

ತೊಟ್ಟಿಲಿಗೆ ನಮ್ಮ ರಸ್ತೆಯ ಹಂಪುಗಳ ಪರಿಚಯ ಇರಬೇಕಲ್ಲ? ಹರಪನಹಳ್ಳಿಗೆ ಹೋಗಿ ಬರುವಷ್ಟರಲ್ಲಿ ಹೊಟ್ಟೆಯ ಅಡಿಯ ತಗಡು ಕಿತ್ತು ಜೋತುಬಿತ್ತು. ಓಡಿಸಿದರೆ ರಸ್ತೆಗೆ ಉಜ್ಜಿ ಕಿರುಚುತ್ತಿತ್ತು.

ರಿಪೇರಿಗೆ ಬಂದವನು ಹುಸೇನ್. ಬಸವರಾಜನ ಬಾಲ್ಯದ ಗೆಳೆಯ, ಟ್ರ್ಯಾಕ್ಟರ್ ಮೆಕ್ಯಾನಿಕ್. ಅವನ ಗ್ಯಾರೇಜಿನಲ್ಲಿ ಅಡಿಗಿಳಿದು ಕೆಲಸ ಮಾಡುವ ಗುಂಡಿ ಇದೆ. ಆದರೆ ಅಲ್ಲಿಗೆ ಹೋಗುವ ಏರು ಹತ್ತುವ ಮೊದಲೇ ಈ ಕಾರಿನ ಮೂತಿ ನೆಲಕ್ಕೆ ತಾಗುತ್ತದೆ. ಹಾಗಾಗಿ ನಮ್ಮ ಅಂಗಳ.

ಮೊದಲು ಜಾಕ್ ಅಡಿಗೇ ಹೋಗಲಿಲ್ಲ. ಅಷ್ಟು ತಗ್ಗು. ಹಳೇ ಬಾಗಿಲಿನ ಹಲಗೆ ತಂದು, ಅದರ ಮೇಲೆ ಮುಂದಿನ ಗಾಲಿ ಹತ್ತಿಸಿ, ಆಮೇಲೆ ಜಾಕ್ ತೂರಿಸಿದರು. ಮುಂಭಾಗ ಮೇಲೆದ್ದಿತು. ಜಾಕ್ ಒಂದನ್ನೇ ನಂಬಬಾರದು ಎಂಬುದು ಬಸವರಾಜ, ಹುಸೇನ್, ನಮ್ಮನೆಯವರು ಮೂವರಿಗೂ ಗೊತ್ತು. ನಮ್ಮ ಕಡೆ ಟ್ರ್ಯಾಕ್ಟರ್ ಎತ್ತಿದರೆ ಅಡಿಗೆ ಸೈಜುಗಲ್ಲು ಒಟ್ಟುವುದು ರೂಢಿ. ಕಾಂಪೌಂಡ್ ಕಟ್ಟಿ ಉಳಿದ ಕಲ್ಲುಗಳಿದ್ದವು, ಒಟ್ಟಿದರು.

"ಕಬ್ಬಿಣದ ಸ್ಟ್ಯಾಂಡ್ ತರ್ಲೇನಲೇ? ಗ್ಯಾರೇಜಿನಾಗ ಅದಾವು," ಅಂದ ಹುಸೇನ್.

"ಒಂದು ಬೋಲ್ಟಿಗೆ ಸ್ಟ್ಯಾಂಡ್ ಯಾಕಲೇ? ಕಲ್ಲಿನ ಮ್ಯಾಲೆ ಟ್ರ್ಯಾಕ್ಟರ ನಿಂದರ್ತೈತಿ. ಇದು ಅದರ ಮರಿ," ಅಂದ ಬಸವರಾಜ.

"ನೆಲ ಗಟ್ಟಿ ಐತಿ. ನಮ್ಮಪ್ಪ ಹಾಸಿಸಿದ ಕಲ್ಲು. ಆನಿ ನಿಂತ್ರೂ ಜಗ್ಗಂಗಿಲ್ಲ," ಅಂದರು ನಮ್ಮನೆಯವರು.

(ಮೂವರು ಗಂಡಸರು ಇಷ್ಟು ಬೇಗ ಒಪ್ಪಿದರೆ ಅಲ್ಲೇ ಅನುಮಾನ ಬರಬೇಕಿತ್ತು. ಬಸವರಾಜನ ಹೆಂಡತಿ ತವರೂರಾದ ಇಟ್ಟಿಗಿಗೆ ಹೋಗಿದ್ದಳು. ಅವಳಿದ್ದಿದ್ದರೆ ಕಾರು ಮೇಲೇಳುತ್ತಲೇ ಇರಲಿಲ್ಲ.)

ಬಸವರಾಜ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಅಡಿಗೆ ಸರಿದ. ಹೊರಗೆ ಕಾಣುತ್ತಿದ್ದದ್ದು ಮೊಣಕಾಲಿನಿಂದ ಕೆಳಗಿನ ಕಾಲು ಮಾತ್ರ. ತಗಡಿನ ಬೋಲ್ಟ್ ತುಕ್ಕು ಹಿಡಿದಿತ್ತು. ಹುಸೇನ್ ಹೊರಗೆ ಕುಕ್ಕರಗಾಲಲ್ಲಿ ಕೂತು, ಬೋಲ್ಟ್ ತಿರುಗಿಸುವ ಪಾನಾಕ್ಕೆ ಕಬ್ಬಿಣದ ಪೈಪು ಸಿಗಿಸಿ ಜಗ್ಗುತ್ತಿದ್ದ. ಜಗ್ಗಿದಾಗೊಮ್ಮೆ ಕಾರು ಸಣ್ಣಗೆ ಅಲುಗುತ್ತಿತ್ತು.

ನಾನು ಚಹಾದ ಲೋಟ ತೊಳೆದು ನೀರನ್ನು ಅಂಗಳಕ್ಕೆ ಚೆಲ್ಲಿದೆ. ದಿನಾ ಚೆಲ್ಲುತ್ತೇನೆ. ನಮ್ಮ ಅಂಗಳದ ನೀರು ಎಲ್ಲಿಗೆ ಹೋಗುತ್ತದೆಂದು ನನಗೆ ಕಣ್ಣು ಮುಚ್ಚಿಯೂ ಗೊತ್ತು: ನಲ್ಲಿಕಟ್ಟೆ ಬಳಸಿ, ಬಾಗಿಲ ಪಕ್ಕದ ಮೋರಿಗೆ. ಅವತ್ತು ಹಾಗೆ ಹೋಗಲಿಲ್ಲ. ಕಾರಿನ ಕಡೆ ತಿರುಗಿತು. ಜಾಕಿನ ಬುಡದ ತನಕ ಹರಿದು, ಕಲ್ಲಿನ ಸಂದಿಯಲ್ಲಿ ಇಳಿದು ಕಾಣೆಯಾಯಿತು. ಒಳಗಿನಿಂದ ಒಂದು ಸದ್ದು ಬಂತು. ಖಾಲಿ ಕೊಡದೊಳಗೆ ನೀರು ಬಿದ್ದಾಗ ಬರುತ್ತದಲ್ಲ, ಅಂಥದು.

ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಅತ್ತೆಗೂ ಅದು ಕೇಳಿಸಿತು. ಕೈ ನಿಂತಿತು.

"ಅಯ್ಯ... ಅಲ್ಲಿ ಹಗೇವಿತ್ತಲ್ಲೇ."

ಹಗೇವು ಅಂದರೆ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಆಳದ ಗುಂಡಿ. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲೇ ಅದರ ಬಳಕೆ ನಿಂತು, ಬಾಯಿಗೆ ಚಪ್ಪಡಿ ಮುಚ್ಚಿ, ಅಂಗಳದ ಜೊತೆ ಒಂದೇ ಸಮ ಕಲ್ಲು ಹಾಸಿದ್ದರಂತೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರಿಗೂ ನೆನಪಿರಲಿಲ್ಲ. ಜಾಕ್ ನಿಂತಿದ್ದು ಅದರ ಬಾಯಿಯ ಮೇಲೆ; ಭಾರಕ್ಕೆ ಚಪ್ಪಡಿ ಕುಗ್ಗಿ ನೀರು ಅತ್ತ ತಿರುಗಿತ್ತು.

ಕೂಗಬೇಕೆನಿಸಿತು. ಕೂಗಿದರೆ ಗಾಬರಿಯಲ್ಲಿ ಬಸವರಾಜ ತಲೆ ಎತ್ತುತ್ತಾನೆ. ಎತ್ತಿದರೆ ಕಾರಿಗೆ ಬಡಿಯುತ್ತದೆ. ಆಮೇಲೆ?

"ಹುಸೇನಾ, ಜಗ್ಗಬ್ಯಾಡ. ಕೈ ಬಿಡು."

"ಇನ್ನೊಂದು ಸುತ್ತು ಅಕ್ಕಾ, ಬಂತು..."

"ಬಿಡು ಅಂದೆ."

ಬಿಟ್ಟ.

"ಬಸವರಾಜ, ಹೊರಗ ಬಾ."

ಕಾರಿನ ಅಡಿಯಿಂದ ನಗು ಕೇಳಿಸಿತು. "ಯಾಕ ಅತ್ತಿಗಿ, ಮತ್ತ ಚಾ ಏನು? ಹೊಟ್ಟಿ ಕೊಡ ಆಗೇತಿ ನಂದು."

"ತಲಿ ಎತ್ತಬ್ಯಾಡ. ಕಾರು ಮುಟ್ಟಬ್ಯಾಡ. ಜಾಕಿನ ಕೆಳಗ ಹಗೇವು ಐತಿ."

ನಗು ನಿಂತಿತು. 'ಕಟ್' ಎಂದು ನೆಲದೊಳಗೆ ಏನೋ ಮುರಿದಂತಾಯಿತು. ಜಾಕ್ ಕೂದಲೆಳೆಯಷ್ಟು ವಾಲಿತು. ನಾನು ನೋಡಿದೆ.

ಕಾಲುಗಳು ಸ್ವಲ್ಪ ಹೊರಗೆ ಸರಿದು, ನಿಂತವು.

"ಅಣ್ಣಾ," ಬಸವರಾಜನ ದನಿ ಬೇರೆಯೇ ಆಗಿತ್ತು, "ಅಂಗಿ ಸಿಕ್ಕಂಡೈತಿ. ತಗಡಿಗೆ."

ನಮ್ಮನೆಯವರು ಗೋಣಿಚೀಲದ ಎರಡೂ ತುದಿ ಹಿಡಿದರು. ಹುಸೇನ್ ನೆಲಕ್ಕೆ ಬೋರಲು ಬಿದ್ದು, ಭುಜದ ತನಕ ತೋಳನ್ನು ಅಡಿಗೆ ತೂರಿಸಿ ತಡಕಾಡಿದ. ಈಗ ಕಾರಿನ ಅಡಿಯಲ್ಲಿ ಒಂದೂವರೆ ಮನುಷ್ಯ.

"ಹರಿಯಲೇ ಅಂಗೀನ!" ಕಟ್ಟೆಯಿಂದ ಅತ್ತೆ ಕೂಗಿದರು.

ಪರ್ ಅಂತ ಬಟ್ಟೆ ಹರಿಯಿತು. ನಮ್ಮನೆಯವರು ಜಗ್ಗಿದ ರಭಸಕ್ಕೆ ಚೀಲದ ಸಮೇತ ಬಸವರಾಜ ಹೊರಗೆ ಬಂದ. ಹುಸೇನ್ ಮಗ್ಗುಲಿಗೆ ಉರುಳಿದ.

ಇಬ್ಬರೂ ಎದ್ದು, ನಾನು ಕೊಟ್ಟ ನೀರು ಕುಡಿದು, ತಂಬಿಗೆ ಕೆಳಗಿಡುವ ಮೊದಲು ಚಪ್ಪಡಿ ಮುರಿಯಿತು. ಜಾಕ್ ನೆಲದೊಳಗೆ ಹೋಯಿತು. ಭಾರ ಬಿದ್ದ ಸೈಜುಗಲ್ಲು ಬೆಲ್ಲದಚ್ಚು ಒಡೆದಂತೆ ಎರಡಾಯಿತು. ಬಸವರಾಜನ ಎದೆ ಇದ್ದ ಜಾಗದಲ್ಲಿ ಕಾರು ಕೂತಿತು.

ಹುಸೇನನ ಮೊಣಕೈ ತರಚಿ ರಕ್ತ ಬರುತ್ತಿತ್ತು. ಅರಿಶಿನ ಹಚ್ಚಿದೆ.

"ಜಾಕ್ ಎತ್ತಾಕ ಅಷ್ಟ ಅಕ್ಕಾ, ಹಿಡಕಳಾಕಲ್ಲ," ಅಂದ, ತನಗೇ ಹೇಳಿಕೊಂಡಂತೆ. "ಗ್ಯಾರೇಜಿನಾಗ ದಿನಾ ಹುಡುಗ್ರಿಗೆ ನಾನ ಬೈತೀನಿ, ಸ್ಟ್ಯಾಂಡ್ ಇಡದ ಅಡಿಗೆ ಹೋಗಬ್ಯಾಡ್ರಿ ಅಂತ."

"ಮತ್ತ ಇಲ್ಲಿ?"

"ಇದು ಮನಿ ಐತಲ್ಲ ಅಕ್ಕಾ."

ನೋಡಿ, ಎಲ್ಲ ಇಲ್ಲೇ ಇದೆ. ಮನೆ ಎಂದ ಕೂಡಲೇ ನಮಗೆ ಭಯ ಹೋಗುತ್ತದೆ. ಮನೆಯ ಕರೆಂಟು ಹೊಡೆಯುವುದಿಲ್ಲ, ಮನೆಯ ಏಣಿ ಜಾರುವುದಿಲ್ಲ, ಮನೆಯ ನೆಲ ಕುಸಿಯುವುದಿಲ್ಲ! ಗಾಡಿ ಹೊಸದಾಗಿ ಬಂದರೆ ಉಜ್ಜಿನಿಯ ಗುಡಿಗೆ ಒಯ್ದು ಪೂಜೆ ಮಾಡಿಸುತ್ತೇವೆ, ಗಾಲಿಗೆ ನಿಂಬೆಹಣ್ಣು ಇಡುತ್ತೇವೆ. ಅದರ ಅಡಿಗೆ ಮಲಗುವಾಗ ಮಾತ್ರ "ಒಂದೇ ಬೋಲ್ಟ್."

ಕಾರನ್ನು ಓಣಿಯವರು ಬಂದು ಎತ್ತಿ ಸರಿಸಿದರು. ಇನ್ನು ಮೇಲೆ ಶೇಂಗಾ ಒಣಗಿಸುವ ಸಿಮೆಂಟಿನ ಕಣದಲ್ಲೇ ಕೆಲಸ ಎಂದು ತೀರ್ಮಾನವಾಯಿತು. ಗಟ್ಟಿ ನೆಲ, ಸಮ ನೆಲ. ಹಿಂದಿನ ಗಾಲಿಗೆ ಅಡ್ಡ ಕಟ್ಟಿಗೆ, ಹ್ಯಾಂಡ್ ಬ್ರೇಕು, ಗೇರು. ಕಂಪನಿಯವರು ಗುರುತು ಮಾಡಿದ ಕಡೆಯೇ ಜಾಕು, ಆಮೇಲೆ ಎರಡೂ ಬದಿಗೆ ಕಬ್ಬಿಣದ ಸ್ಟ್ಯಾಂಡು. ಕೈಯಿಂದ ಕಾರನ್ನು ಅಲುಗಿಸಿ ನೋಡಿ, ಅಲುಗದಿದ್ದರೆ ಮಾತ್ರ ಅಡಿಗೆ. ಓದುಗರ ಮನೆಯಲ್ಲೂ ಒಬ್ಬ ಬಸವರಾಜ ಇದ್ದಾನು ಎಂದು ಇಷ್ಟು ಬರೆದೆ.

ಮಧ್ಯಾಹ್ನ ಜೋಳದ ರೊಟ್ಟಿ, ಸರಿಯಾಗಿ ನೆನೆಯದ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಹುಸೇನನನ್ನೂ ಕೂರಿಸಿಕೊಂಡು ಉಂಡೆವು. ಕಾಳು ಗಟ್ಟಿಯಾಗಿತ್ತು, ಯಾರೂ ಎತ್ತಿ ಆಡಲಿಲ್ಲ.

ಮೊದಲು ನಿದ್ದೆ ಹೋದವನು ಬಸವರಾಜ. ಪಡಸಾಲೆಯಲ್ಲಿ ಅಂಗಾತ ಬಿದ್ದು, ತೊಲೆ ನಡುಗುವಂತೆ ಗೊರಕೆ ಹೊಡೆಯತೊಡಗಿದ. ನಮ್ಮನೆಯವರು ಎಂದಿನಂತೆ ಅವನನ್ನು ಮಗ್ಗುಲಾಗಿಸಲು ಎದ್ದರು.

ಅತ್ತೆ ಕೈ ಅಡ್ಡ ಹಿಡಿದರು: "ಹೊಡೀಲಿ ಬಿಡು, ಕೇಳಾಕ ಚಲೋ ಅನ್ನಸ್ತೈತಿ."