ಅತ್ತೆಯ ತಟ್ಟೆಗೆ ಹಳೆ ಅಕ್ಕಿ

ಸಿರುಗುಪ್ಪದಲ್ಲಿ ಹುಟ್ಟಿದವಳಾದ ನನಗೆ ಅಕ್ಕಿಯ ವಿಷಯದಲ್ಲಿ ಸ್ವಲ್ಪ ಜಂಬ ಜಾಸ್ತಿಯೇ. ನಮ್ಮ ತವರಿನ ಸೋನಾಮಸೂರಿ ಚೀಲದಲ್ಲಿ ವರ್ಷ ಕಳೆದು ಹಳೆಯದಾದ ಮೇಲೆಯೇ ಅದರ ಅನ್ನ ಅಗುಳು ಅಗುಳಾಗಿ ಬಿಡಿಬಿಡಿಯಾಗುವುದು. ಹೊಸ ಅಕ್ಕಿಯ ಅನ್ನ ನೀರು ಎಷ್ಟೇ ಕಡಿಮೆ ಇಟ್ಟರೂ ಮೆತ್ತಗಾಗಿ ಅಂಟುತ್ತದೆ. ಅದನ್ನು ದೊಡ್ಡವರ ತಟ್ಟೆಗೆ ಹಾಕಿದರೆ ನಮ್ಮ ಕಡೆ ಮರ್ಯಾದೆ ಕಳೆದಂತೆ.

ನಾನು ಸೊಸೆಯಾಗಿ ಬಂದದ್ದು ಬಳ್ಳಾರಿಯ ಸತ್ಯನಾರಾಯಣಪೇಟೆಗೆ. ಅತ್ತೆಯ ತವರು ಕುರುಗೋಡು. ಜೋಳದ ರೊಟ್ಟಿಯ ಮೇಲೆಯೇ ಬೆಳೆದ ಅವರಿಗೆ ಅನ್ನವೆಂದರೆ ಊಟದ ಕೊನೆಗೆ ಮಜ್ಜಿಗೆಯ ಜೊತೆ ಎರಡು ತುತ್ತು ಅಷ್ಟೇ.

"ನಿಮ್ಮೂರಾಗ ರೊಟ್ಟಿ ಬಡಿಯಾಕ ಬರಂಗಿಲ್ಲ, ಅದಕ್ಕ ಅನ್ನ ಉಣ್ತೀರಿ" ಎಂದು ನನ್ನ ಕಾಲೆಳೆಯುತ್ತಿದ್ದರು. ನಾನೂ ಸುಮ್ಮನಿರುತ್ತಿರಲಿಲ್ಲ.

ಹೋದ ವರ್ಷ ಅವರ ಹಲ್ಲೆಲ್ಲ ತೆಗೆಸಬೇಕಾಯಿತು. ಕಟ್ಟಿಸಿದ ಹಲ್ಲು ಒಗ್ಗದೆ ಡಬ್ಬಿ ಸೇರಿತು. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಟ್ಟರೆ, "ನಾನೇನು ಕೂಸೇನು?" ಎಂದು ಸರಿಸಿದರು. ಇನ್ನು ಅನ್ನವೇ ಗತಿ ಎಂದಾಗ ನಾನು ಒಳಗೊಳಗೇ ಬೀಗಿದೆ. ಅವರಿಗೆಂದೇ ಹಳೆ ಅಕ್ಕಿಯ ಚೀಲ ಬಿಚ್ಚಿ, ಗಂಜಿ ಬಸಿದು, ಮಲ್ಲಿಗೆ ಹೂವಿನಂಥ ಅನ್ನ ಮಾಡಿ ಬಡಿಸತೊಡಗಿದೆ. ಅವರು ನಾಲ್ಕು ತುತ್ತು ಉಂಡು, "ಸಾಕವ್ವ, ಹಸಿವಿಲ್ಲ" ಎಂದು ಏಳುತ್ತಿದ್ದರು. ಬರಬರುತ್ತಾ ಸೊರಗಿಹೋದರು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ನನಗೆ ಹೆದರಿಕೆಯಾಯಿತು, ಸಿಟ್ಟೂ ಬಂತು. ಇಂಥ ಅನ್ನ ಬಿಡುವುದು ಹಟವಲ್ಲದೆ ಮತ್ತೇನು?

ಈ ಸಲ ಸುಗ್ಗಿ ಮುಗಿದ ಮೇಲೆ ತವರಿನಿಂದ ಹೊಸ ಅಕ್ಕಿ ಬಂತು. ಹಳೆಯದು ಸ್ವಲ್ಪವೇ ಉಳಿದಿತ್ತು. ಅದನ್ನು ಅತ್ತೆಗೆ ಬೇರೆ ಪಾತ್ರೆಯಲ್ಲಿ ಮಾಡಿ, ನನಗೆ ಹೊಸದನ್ನು ಬೇಯಿಸಿಕೊಂಡೆ. ಮಧ್ಯಾಹ್ನ ಇಬ್ಬರೇ ಉಣ್ಣಲು ಕುಳಿತೆವು. ನನ್ನ ಅನ್ನ ಮುದ್ದೆಯಾಗಿತ್ತು. ಅತ್ತೆ ತಮ್ಮ ತಟ್ಟೆ ಮುಟ್ಟದೆ ಅದನ್ನೇ ನೋಡುತ್ತಿದ್ದರು.

"ಅದನ್ನ ನನಗೊಂದೀಟು ಹಾಕು."

"ಇದು ಹೊಸ ಅಕ್ಕಿದು ಅತ್ತಿ, ಮೆತ್ತಗಾಗೈತಿ. ನಿಮಗ ಹೆಂಗ ಹಾಕ್ಲಿ?"

"ಹಾಕವ್ವ. ಈ ಹಳೆ ಅಕ್ಕಿ ಅನ್ನ ಒಸಡಿಗೆ ಚುಚ್ಚತೈತಿ. ನೀ ಅಷ್ಟು ಚಂದ ಮಾಡಿ ಬಡಸ್ತಿ, ಬ್ಯಾಡ ಅಂತ ಹೆಂಗ ಅನ್ಲಿ?"

ಸಾರು ಹಾಕಿ ಕಲಸಿಕೊಟ್ಟೆ. ತಲೆ ಎತ್ತದೆ ಉಂಡರು. ತಟ್ಟೆ ಖಾಲಿಯಾಯಿತು.

"ಮತ್ತ ಇಷ್ಟು ದಿನ ಹಸಿವಿಲ್ಲ ಅಂತಿದ್ರಲ್ಲ ಅತ್ತಿ?"

"ಇತ್ತವ್ವ, ಭಾಳ ಇತ್ತು" ಎಂದು ಅವರು ತಟ್ಟೆ ಮುಂದೆ ಚಾಚಿದರು.